ಮೂವತ್ತೊಂದನೇ ನಂಬರಿನ ಮನೆ

2009ರ ಒಂದು ಬುಧವಾರ ಬೆಳಿಗ್ಗೆ ಇಸ್ಮತ್ ಕುದೂರಿನ ಪುಟ್ಟಲಿಂಗಯ್ಯನವರ ಜಗಲಿಗೆ ಬಂದಳು. ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತರಾದ ಅವರ ಬಳಿಗೆ, ಏನೇ ಕಳೆದರೂ ಜನ ಠಾಣೆಗಿಂತ ಮೊದಲು ಬರುತ್ತಿದ್ದರು. ಪಕ್ಕದಂಗಡಿಯ ದರ್ಜಿ ಕೃಷ್ಣಪ್ಪನಾದ ನಾನೂ ಅಲ್ಲೇ ಇದ್ದೆ.

"ಅಣ್ಣಾ, ರಾಮನಗರದ ಗಾರ್ಮೆಂಟ್ಸಲ್ಲಿ ನಂಗೆ ಸೂಪರ್‌ವೈಸರ್ ಕೆಲ್ಸ ಆಗೈತೆ. ಆರ್ಡರು ಸೋಮವಾರವೇ ಕೊರಿಯರಲ್ಲಿ ಬಂದೈತಂತೆ, ನನ್ನ ಕೈಗೆ ಸಿಕ್ಕಿಲ್ಲ. ಅದ ತೋರಿಸ್ದೆ ಗೇಟೊಳಕ್ಕೆ ಬುಡಲ್ಲ. ನಾಳೆ ಹೋಗ್ಲಿಲ್ಲ ಅಂದ್ರೆ ಪಟ್ಟೀಲಿ ನನ್ನ ಹಿಂದಿರೋರಿಗೆ ಕೊಡ್ತಾರೆ," ಎಂದಳು. ಹನ್ನೊಂದು ವರ್ಷ ಮಿಷನ್ ತುಳಿದು ಪಡೆದ ಹುದ್ದೆ ಅದು.

ಅವಳ ಬೀದಿಯಲ್ಲಿ ಮನೆ ಎದ್ದ ಹಾಗೆಲ್ಲ ಪಂಚಾಯ್ತಿಯವರು ನಂಬರು ಕೊಟ್ಟಿದ್ದರು. ಹನ್ನೆರಡರ ಪಕ್ಕ ನಲವತ್ತೇಳು; ಇಸ್ಮತ್‌ಳದು ಮೂವತ್ತೊಂದು. ಬಾಗಿಲುಗಳ ಮೇಲೆ ನಂಬರು ಬರೆದಿರಲಿಲ್ಲ. ಕಾಲೇಜಿನ ಮೇಷ್ಟ್ರು ಮನೋಹರ್ ಮನೆಮನೆ ತಿರುಗಿ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ ನಕ್ಷೆಯೊಂದಕ್ಕೆ ಆ ನಂಬರುಗಳನ್ನು ಸೇರಿಸಿದ್ದರು. ಕೊರಿಯರಿನ ಮುಕ್ತಿಯಾರ್ ಊರಿಗೆ ಹೊಸಬ. ಸೋಮವಾರ ಸೋಮವಾರ ಆ ನಕ್ಷೆಯ ಪ್ರಿಂಟು ತೆಗೆಸಿಕೊಂಡೇ ಓಡಾಡುತ್ತಿದ್ದ.

"ನಕ್ಷೆಯಲ್ಲಿ ಮೂವತ್ತೊಂದು ಅಂತಿದ್ದ ಮನೆಗೆ ಬೀಗ ಹಾಕಿತ್ತು. ಬಾಗಿಲಡಿ ತೂರಿಸಿ ಬಂದೆ," ಎಂದ ಅವನು. ತೋರಿಸಿದ್ದು ಅದೇ ಬೀದಿಯ ಕೆಂಪರಾಜುವಿನ ಮನೆ.

"ನಾನ್ಯಾವ ಕವರೂ ನೋಡಿಲ್ಲ ಕಣಣ್ಣ. ಅವ್ನೇ ಎಲ್ಲೋ ಕಳ್ಕೊಂಡವ್ನೆ," ಎಂದ ಕೆಂಪರಾಜು. ಮುಕ್ತಿಯಾರ್ ಇಲ್ಲವೆಂದು ತಲೆಯಾಡಿಸಿದ. ಅವನ ಕೆಲಸಕ್ಕೂ ಕುತ್ತು ಬಂದಿತ್ತು.

ನಾವು ಮಕ್ಬೂಲನ ಸೈಬರ್ ಸೆಂಟರಿಗೆ ಹೋದೆವು. ಮನೋಹರ್ ನಕ್ಷೆ ತೆರೆದು ಬೆರಗಾದರು. ಬೀದಿಯ ಮನೆಗಳೆಲ್ಲ ಇಪ್ಪತ್ತೈದರಿಂದ ನಲವತ್ತರವರೆಗೆ ಸಾಲಾಗಿ ನಿಂತಿದ್ದವು. ಭಾನುವಾರ ಸಂಜೆ ನಾಲ್ಕೂ ಹತ್ತಕ್ಕೆ ಯಾವುದೋ ಅಪರಿಚಿತ ಹೆಸರಿನಲ್ಲಿ ತಿದ್ದಲಾಗಿತ್ತು.

"ಬೀದಿ ನೋಡದ ಯಾರೋ ಹೊರಗಿನವರು ಸರಿಪಡಿಸ್ತೀನಿ ಅಂತ ಹೊರಟಿದ್ದಾರೆ," ಎಂದರು ಮನೋಹರ್.

ಪುಟ್ಟಲಿಂಗಯ್ಯ ಪರದೆಯ ಮೇಲೆ ಬೆರಳಿಟ್ಟು ಓದಿದರು: "ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೆಂಟು, ಮೂವತ್ತೆರಡು..." ಆಮೇಲೆ ಮಕ್ಬೂಲನ ರಿಜಿಸ್ಟರ್ ತರಿಸಿ ಒಂದು ಪುಟ ನೋಡಿದರು. "ಎಲ್ಲಾರ್ನೂ ಕರ್ಕೊಂಡು ಬಾ ಕೃಷ್ಣಪ್ಪ. ಕೆಂಪರಾಜು ಹೆಂಡ್ತಿ ಭಾನುಪ್ರಿಯಾನೂ ಬರ್ಲಿ."

ಎಲ್ಲರೂ ಸೇರಿದ ಮೇಲೆ ಅವರು ದನಿ ಏರಿಸದೆ ಹೇಳಿದರು: "ಸಾಲು ಮಾಡಕ್ಕೇ ತಿದ್ದಿದ್ರೆ ಮೂವತ್ತರ ಪಕ್ಕ ಮೂವತ್ತೊಂದು ಬರ್ಬೇಕಿತ್ತು. ಆ ಜಾಗದಲ್ಲಿರೋದು ಹನುಮಂತಮ್ಮನ ಮನೆ. ಅಲ್ಲಿ ಮೂವತ್ತೆಂಟು ಐತೆ. ಮೂವತ್ತೆಂಟು ಬರ್ಬೇಕಾದ ಕಡೆ ಮೂವತ್ತೊಂದು ಐತೆ. ಇಡೀ ಬೀದೀಲಿ ಸಾಲು ತಪ್ಪಿರೋದು ಅದಲುಬದಲಾದ ಈ ಎರಡೇ. ಒಂದು ನಂಬರು ಕದಿಯಕ್ಕೆ ಮಿಕ್ಕಿದ್ದನ್ನೆಲ್ಲ ಬದಲಾಯಿಸವ್ರೆ, ಯಾರೋ ತಿಳೀದೋರು ಮಾಡವ್ರೆ ಅನ್ಲಿ ಅಂತ. ಮೂವತ್ತೊಂದು ಬಂದು ಕೂತಿರೋದು ಕೆಂಪರಾಜು ಮನೆ ಮೇಲೆ. ಭಾನುವಾರ ನಾಲ್ಕು ಗಂಟೆಗೆ ಈ ರಿಜಿಸ್ಟರಲ್ಲಿ ಸೈನ್ ಹಾಕಿರೋನೂ ಅವ್ನೇ. ಭಾನುಪ್ರಿಯ, ಪಟ್ಟೀಲಿ ಇಸ್ಮತ್ ಹಿಂದೆ ಇರೋರು ಯಾರವ್ವ?"

"ನಾನೇ. ಆರ್ಡರು ಸೋಮವಾರ ಬತ್ತದೆ ಅಂತ ಇವ್ರಿಗೆ ಹೇಳಿದ್ದೂ ನಾನೇ," ಎಂದಳು ಭಾನುಪ್ರಿಯ. ಗಂಡ ಮಾಡಿದ್ದು ಅವಳಿಗೆ ಗೊತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

ಕೆಂಪರಾಜು ತಲೆ ತಗ್ಗಿಸಿದ. "ನಿಂಗೋಸ್ಕರವೇ ಮಾಡ್ದೆ."

"ನಾನು ಕೇಳಿದ್ನಾ? ಎಲ್ಲಿಟ್ಟಿದ್ದೀರ ಹೇಳಿ."

"ರಾಗಿ ಮೂಟೆ ಹಿಂದೆ."

ಅವಳೇ ಹೋಗಿ ಕವರು ತಂದು ಇಸ್ಮತ್‌ಳ ಕೈಗಿಟ್ಟಳು. ಗಂಡನ ಕಡೆ ತಿರುಗಿ, "ಮುಕ್ತಿಯಾರ್ ಆಫೀಸ್ಗೆ ಹೋಗಿ ನಿಜ ಹೇಳಿ ಬನ್ನಿ. ಆಮೇಲೆ ಮನೆಗೆ ಬನ್ನಿ," ಎಂದಳು. ಕೆಂಪರಾಜು ಎದ್ದು ಮುಕ್ತಿಯಾರನ ಹಿಂದೆ ನಡೆದ.

ಇಸ್ಮತ್ ಕವರನ್ನು ಎದೆಗವುಚಿಕೊಂಡು ಭಾನುಪ್ರಿಯಳ ಹತ್ತಿರ ಬಂದಳು. "ನಾಳೆ ಒಬ್ಳೇ ಹೋಗಕ್ಕೆ ಭಯ ಆಯ್ತದೆ ಭಾನು. ಜೊತೆಗೆ ಬತ್ತೀಯಾ?"

"ಬತ್ತೀನಿ," ಎಂದಳು ಭಾನುಪ್ರಿಯ, ಕಣ್ಣೊರೆಸಿಕೊಳ್ಳುತ್ತಾ.