ಹಿತ್ತಲ ಗಾಲ್ಫ್ ಮತ್ತು ಕೇಳಬಾರದ ಪ್ರಶ್ನೆ

ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಇಷ್ಬೆಲ್‌ಳ ಹಣೆಗೆ ಗೋಡೆಯಾಚೆಯಿಂದ ಹಾರಿಬಂದ ಚೆಂಡೊಂದು ಟಪ್ಪನೆ ಬಡಿಯಿತು. ನೋವಾಗಲಿಲ್ಲ, ಆದರೆ ಸಿಟ್ಟಿಗೆ ಮೈಯೆಲ್ಲ ಉರಿದುಹೋಯಿತು.

"ಕಣ್ಣು ಎಲ್ಲಿಟ್ಕೊಂಡಿದ್ದೀರಿ?"

ಗೋಡೆಯ ಮೇಲೆ ಕೆಂಗೂದಲಿನ ತಲೆಯೊಂದು ಕಾಣಿಸಿತು. ಪಕ್ಕದ ಮನೆಗೆ ಹೊಸದಾಗಿ ಬಂದ ಬಸ್ ಡ್ರೈವರ್ ಸ್ಟ್ರುವಾನ್.

"ಗಾಲ್ಫ್ ಅಭ್ಯಾಸದ ಪ್ಲಾಸ್ಟಿಕ್ ಚೆಂಡು ಕಣ್ರೀ, ಮೈತುಂಬ ತೂತು. ಕಿಟಕಿ ಗಾಜೂ ಒಡೆಯಲ್ಲ."

"ನನ್ನ ಹಣೆ ಕಿಟಕಿ ಗಾಜಲ್ಲ."

ಅವನು ನಕ್ಕುಬಿಟ್ಟ. ಅವಳ ಸಿಟ್ಟು ಇಳಿದೇಹೋಯಿತು... ಛೆ, ಇಷ್ಟು ಬೇಗನಾ ಎಂದು ತನ್ನನ್ನೇ ಬೈದುಕೊಂಡಳು.

ಫೈಫ್ ಸೀಮೆಯ ಕಡಲ ದಂಡೆಯ ಆ ಊರಲ್ಲಿ ಗಾಲ್ಫ್ ಬಾರದವರು ಕಡಿಮೆ. ಬೇಕರಿಯಲ್ಲಿ ದುಡಿಯುವ ಇಷ್ಬೆಲ್ ಮಾತ್ರ ಮೈದಾನದ ಕಡೆ ತಲೆ ಹಾಕಿದವಳಲ್ಲ. ನಾಲ್ಕು ಜನರೆದುರು ಎಡವಟ್ಟಾದರೆ ನಗುತ್ತಾರೆಂಬ ಭಯ. ಹಿತ್ತಲಲ್ಲಿ ನೋಡುವವರಾರು? ಸ್ಟ್ರುವಾನ್ ಕಲಿಸತೊಡಗಿದ. ಎಷ್ಟೇ ಬೀಸಿ ಹೊಡೆದರೂ ಆ ಹಗುರ ಚೆಂಡು ಹತ್ತಿರದಲ್ಲೇ ಬೀಳುತ್ತಿತ್ತು. ಆದರೆ ಮಣಿಕಟ್ಟು ತುಸು ತಿರುಚಿದರೂ ಸಾಕು, ಪಕ್ಕಕ್ಕೆ ವಾಲಿ ತಪ್ಪನ್ನು ಎತ್ತಿ ತೋರಿಸುತ್ತಿತ್ತು. ಚಳಿಗಾಲ ಕಳೆಯುವಷ್ಟರಲ್ಲಿ ಹೊಡೆತ ನೆಟ್ಟಗಾಯಿತು, ಮನಸ್ಸು ಪೂರ್ತಿ ಅವನತ್ತ ವಾಲಿತ್ತು.

ವಸಂತದ ಪಂದ್ಯಕ್ಕೆ ಅವನೇ ಒತ್ತಾಯ ಮಾಡಿ ಅವಳ ಹೆಸರು ಕೊಡಿಸಿದ. ಕ್ಲಬ್ಬಿನ ಹಿರಿಯರಿಬ್ಬರ ಜೊತೆ ಇಬ್ಬರೂ ಒಂದೇ ಗುಂಪಿನಲ್ಲಿ ಹೊರಟರು. ಮೊದಲ ಹೊಡೆತ ಸೊಗಸಾಗಿ ಹೋಯಿತು. ಆಮೇಲೆ ಅವಳು ಕಂಗಾಲಾದಳು. ನಿಜವಾದ ಚೆಂಡು ಚೀಲದಲ್ಲಿನ ಯಾವ ಗಾಲ್ಫ್ ಕೋಲಿಗೆ ಎಷ್ಟು ದೂರ ಹೋಗುತ್ತದೆಂಬುದನ್ನು ಹಿತ್ತಲು ಕಲಿಸಿಯೇ ಇರಲಿಲ್ಲ! ಹಿರಿಯರು ಕಣ್ಣಿಗೆ ಕಾಣುತ್ತಿದ್ದರೂ ಮಾತು ಕೇಳಿಸದಷ್ಟು ಮುಂದೆ ಹೋಗಿದ್ದರು.

"ಸ್ಟ್ರುವಾನ್, ಇಲ್ಲಿಂದ ಯಾವ ಕೋಲು ತಗೊಳ್ಳಲಿ?"

ಅವನು ಮುಖ ತಿರುಗಿಸಿ ಸಮುದ್ರ ನೋಡುತ್ತ ನಿಂತ.

ಓಹೋ... ಹಿತ್ತಲಲ್ಲಿ ಗೆಳತಿ, ಕ್ಲಬ್ಬಿನವರ ಮುಂದೆ ಯಾರೋ! ಹೇಗೋ ಆಟ ಮುಗಿಸಿ, ಚಹಾಕ್ಕೂ ನಿಲ್ಲದೆ ಹೊರಟುಹೋದಳು. ಅಂದಿನಿಂದ ಬಟ್ಟೆಯನ್ನೂ ಮನೆಯೊಳಗೇ ಒಣಗಿಸಿದಳು. ಅವನು ಬಾಗಿಲು ಬಡಿದಾಗಲೆಲ್ಲ ತೆರೆಯದೆ ಒಳಗೇ ಕೂತು ಅತ್ತಳು.

ಕೊನೆಗೆ ಅವನು ಬೇಕರಿಗೇ ಬಂದು ನಿಂತ.

"ಆವತ್ತು ನಾನು ಕೇಳಿದ್ದು ಕೇಳಿಸ್ಲಿಲ್ವಾ?" ತಲೆಯೆತ್ತದೆ ಕೇಳಿದಳು.

"ಕೇಳಿಸ್ತು. ಪಂದ್ಯದ ನಡುವೆ ಇನ್ನೊಬ್ಬ ಆಟಗಾರನ್ನ ಹಾಗೆ ಸಲಹೆ ಕೇಳೋದೇ ತಪ್ಪು. ಲೆಕ್ಕಕ್ಕೆ ಎರಡು ಹೊಡೆತ ಹೆಚ್ಚು ಸೇರಿಸಿ ದಂಡ ಹಾಕ್ಬೇಕು. ಹೊಡೆಯೋದು ಕಲಿಸ್ದೆ, ಇದನ್ನ ಹೇಳೋದೇ ಮರ್ತುಬಿಟ್ಟೆ. ಮೊದಲ ಪಂದ್ಯದಲ್ಲೇ ನಿನ್ನ ತಲೆಗೆ ದಂಡ ಕಟ್ಟೋಕೆ ಮನಸ್ಸು ಬರ್ಲಿಲ್ಲ... ಕಿವುಡನ ಥರ ನಿಂತೆ."

"ನನ್ನಿಂದ ನಿನಗೆ ನಾಚಿಕೆ ಆಯ್ತು ಅಂದ್ಕೊಂಡೆ."

"ನಾಚಿಕೆನಾ? ನನ್ನ ಬಸ್ಸು ಹತ್ತೋ ಅಜ್ಜಿಯರಿಗೆಲ್ಲ ನಿನ್ನ ಹೆಸರು ಬಾಯಿಪಾಠ ಆಗಿದೆ."

ಇಷ್ಬೆಲ್ ಏಪ್ರನ್ ಬಿಚ್ಚಿಟ್ಟು ನೇರ ಕ್ಲಬ್ಬಿಗೆ ನಡೆದಳು, ಅವನು ಹಿಂದೆಯೇ ಓಡಿದ. ಕಾರ್ಯದರ್ಶಿಯ ಮುಂದೆ ಅವಳು ತನ್ನ ತಪ್ಪು ಒಪ್ಪಿಕೊಂಡಳು, ಅವನು ತನ್ನ ಕಿವುಡುತನ ಒಪ್ಪಿಕೊಂಡ. ಗೊತ್ತಿಲ್ಲದೆ ಮಾಡಿದ್ದು, ಪಂದ್ಯವೂ ಮುಗಿಯಿತು ಎಂದು ಅವಳನ್ನು ಬಿಟ್ಟರು. ಗೊತ್ತಿದ್ದೂ ಸುಮ್ಮನಿದ್ದ ಅವನ ಹೆಸರನ್ನು ಪಂದ್ಯದಿಂದಲೇ ಹೊಡೆದುಹಾಕಿದರು. ಅಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ನಗುವಿಗೆ ಹೆದರಿ ಬದುಕಿದ್ದ ಇಷ್ಬೆಲ್ ತಾನೂ ಜೊತೆಗೆ ನಕ್ಕಳು.

ಹೊರಗೆ ಬಂದಾಗ ಗಾಳಿ ಜೋರಾಗಿತ್ತು.

"ಅಂದ್ರೆ ಮೈದಾನದಲ್ಲಿ ನಿನ್ನ ಏನೂ ಕೇಳಬಾರ್ದಾ?"

"ಜೋಡಿಯಾಗಿ ಆಡೋರು ಒಬ್ಬರನ್ನೊಬ್ಬರು ಏನು ಬೇಕಾದ್ರೂ ಕೇಳ್ಬಹುದು."

"ಹಾಗಾದ್ರೆ ಕೇಳ್ತೀನಿ. ಸ್ಟ್ರುವಾನ್, ನೀನು ನನ್ನ..."

"ಮದುವೆ ಆಗ್ತೀನಿ ಕಣೇ," ಎಂದ ಅವನು, ಅವಳು ಕೇಳಿ ಮುಗಿಸುವ ಮೊದಲೇ.