ಬೆಕ್ಕಿಗೂ ‘ನೀವು’ ಅನ್ನುವವನು

“ಹಿಂದಿನ ಕಿಟಕಿ ಹಾಕಿದ್ನಾ ನಾನು?”

ಅವಳು ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಒದ್ದೆ ಟವೆಲ್‌ಗಳ ರಾಶಿ. ಅದು ಉತ್ತರ ಕೊಡುವ ಪೈಕಿಯಲ್ಲ.

ಬೆಟ್ಟದ ಮೇಲಿನ ಲಾಡ್ಜಿನ ಅಕ್ಕಪಕ್ಕದ ಕೋಣೆಗಳಲ್ಲಿ ಅಮ್ಮ, ಅಕ್ಕ, ಭಾವ, ಅಕ್ಕನ ಮಗಳು ಪುಟ್ಟಿ, ಮತ್ತು ಅವಳು. ರಜೆಗೆಂದು ಬಂದವರು ಐದು ಜನ, ರಜೆ ಸಿಕ್ಕಿದ್ದು ನಾಲ್ವರಿಗೆ. ಅಮ್ಮನ ಮಂಡಿಗೆ ಎಣ್ಣೆ, ಪುಟ್ಟಿಯ ಕಾಲುಚೀಲ, ಭಾವ ಎಲ್ಲೆಲ್ಲೋ ಇಟ್ಟು ಮರೆಯುವ ಕನ್ನಡಕ, ಎಲ್ಲಕ್ಕೂ ಅವಳನ್ನೇ ಕರೆಯುತ್ತಿದ್ದರು. ಮನೆಗೆಲಸವನ್ನು ಹೊತ್ತು ಬೆಟ್ಟ ಹತ್ತಿಸಿದರೆ ಅದಕ್ಕೇ ಪ್ರವಾಸ ಅನ್ನುತ್ತಾರೆಂದು ಬಂದ ದಿನವೇ ಅವಳಿಗೆ ತಿಳಿದಿತ್ತು.

ಟೀವಿಯಲ್ಲಿ ನೀಲಿಯ ಮೇಲೆ ಬಿಳಿಯ ಸುರುಳಿಯೊಂದು ನಿಧಾನವಾಗಿ ತಿರುಗುತ್ತಿತ್ತು. ಚಂಡಮಾರುತ ನಾಳೆ ಮಧ್ಯಾಹ್ನ ದಡ ಮುಟ್ಟುತ್ತದಂತೆ. ಅದರ ಬಾಲ ಆಗಲೇ ತಮ್ಮ ಊರನ್ನು ನೆಕ್ಕುತ್ತಿರುವಂತೆ ಕಂಡಿತು ಅವಳಿಗೆ. ಅಮ್ಮ ಮಂಚದ ಮೇಲೆ ಕೂತು ಚಿಕ್ಕಂದಿನಲ್ಲಿ ಕೇಳಿ ಕಲಿತ ಪದ್ಯವೊಂದನ್ನು ದೇವರಿಗೆ ಒಪ್ಪಿಸುತ್ತಿದ್ದರು. ಮೂರನೆಯ ಸಾಲಿನಲ್ಲಿ ಎಡವುವುದು, ಮತ್ತೆ ಮೊದಲಿನಿಂದ ಹಿಡಿಯುವುದು.

“ಗೋಡೆನ ಯಾಕೆ ಕೇಳ್ತೀಯ? ಗಾಜನ್ನ ಕೇಳು,” ಎಂದರು ಭಾವ. “ಕಿಟಕಿ ಅವನ ಖಾತೆ.”

ಗಾಜು ಅಂದರೆ ಅವಳ ಮನೆಗೆ ಅಂಟಿಕೊಂಡಿರುವ ಅಂಗಡಿಯವನು. ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕೆಲಸ, ಪರದೆ ಹೊಲಿಯುವುದು ಅವಳದು. ಎಲ್ಲಿ ಹೊಸ ಮನೆ ಎದ್ದರೂ ಮೊದಲು ಅವನು ಹೋಗುತ್ತಿದ್ದ, ಹಿಂದೆಯೇ ಅವಳು. ಅವನು ತೋರಿಸ್ತಾನೆ, ಇವಳು ಮುಚ್ಚುತ್ತಾಳೆ ಎಂದು ಬೀದಿಯವರು ನಗುತ್ತಿದ್ದರು. ಅವಳು ಏಣಿ ಹತ್ತದೆ ಇರಲೆಂದು ಅವನು ಕಿಟಕಿಯ ಅಳತೆಯನ್ನು ಗೋಡೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟು ಹೋಗುತ್ತಿದ್ದ. ಬರೆದವನೂ ಆ ಮಾತು ಎತ್ತಲಿಲ್ಲ, ಓದಿದವಳೂ ಎತ್ತಲಿಲ್ಲ.

ಹೊಸ ಗಾಜಿನಲ್ಲಿ ಗೆರೆಯಿದೆಯೇ ಎಂದು ನೋಡಲು ಅವನು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ಹಿಡಿದಾಗಲೆಲ್ಲ ಅದು ಹೇಗೋ ಆಚೆ ಬದಿಯಲ್ಲಿ ಅವಳೇ ಇರುತ್ತಿದ್ದಳು.

“ಗೆರೆ ಇದೆಯಾ?”

“ಇಲ್ಲ. ಚೆನ್ನಾಗಿದೆ,” ಎನ್ನುತ್ತಿದ್ದ, ಗಾಜನ್ನು ನೋಡದೆಯೇ.

ಅಷ್ಟೇ. ಅದರಾಚೆಗೆ ಒಂದು ಹೆಜ್ಜೆ ಇಡುವ ಆಸಾಮಿಯಲ್ಲ. ಬಹುವಚನ ಬಿಟ್ಟು ಅವನ ಬಾಯಿಂದ ಇನ್ನೊಂದು ಮಾತು ಹೊರಟದ್ದನ್ನು ಯಾರೂ ಕೇಳಿರಲಿಲ್ಲ. ಪುಟ್ಟಿಗೂ ನೀವು, ಹಾಲಿನ ಹುಡುಗನಿಗೂ ನೀವು. ಅಂಗಡಿಯ ಹೊಸ್ತಿಲಲ್ಲಿ ಮಲಗುವ ಬೆಕ್ಕಿಗೆ, “ಸ್ವಲ್ಪ ಆ ಕಡೆ ಮಲ್ಕೊಳ್ಳಿ, ಗಾಜಿದೆ,” ಎನ್ನುವುದನ್ನು ಅವಳೇ ಕೇಳಿಸಿಕೊಂಡಿದ್ದಳು. ನಕ್ಕಿದ್ದಳು ಕೂಡ. ಆದರೆ ಆ ‘ನೀವು’ ಅವರಿಬ್ಬರ ನಡುವೆಯೂ ಒಂದು ಗಾಜೇ ಆಗಿತ್ತು. ಎಲ್ಲ ಕಾಣುತ್ತಿತ್ತು, ಕೈ ಮಾತ್ರ ಆಚೆ ಹೋಗುತ್ತಿರಲಿಲ್ಲ.

ಊರಿಂದ ಹೊರಡುವಾಗ ಬೀಗದ ಕೈ ಕೊಟ್ಟದ್ದೂ ಅವನ ಕೈಗೇ. ಯಾವಾಗ ಬರ್ತೀರಿ ಎಂದು ಕೇಳಿದ್ದ. ಐದು ಜನರ ಬಟ್ಟೆ ತುಂಬಿ ಸೊಂಟ ಬಿದ್ದುಹೋಗಿದ್ದ ಅವಳು, ಬಂದಾಗ ಬರ್ತೀನಿ ಎಂದಿದ್ದಳು. ಅವನ ಮುಖ ಸ್ವಲ್ಪ ಸಣ್ಣದಾಗಿತ್ತು. “ಸರಿ. ಅಲ್ಲೀವರೆಗೂ ಮನೆ ನಾನು ನೋಡ್ಕೋತೀನಿ,” ಎಂದಿದ್ದ.

ಈಗ ಅವಳಿಗೆ ಭಯ ಹುಟ್ಟಿಸುತ್ತಿದ್ದದ್ದು ಗಾಳಿಯಲ್ಲ, ಆ ಮಾತು. ಹೇಳಿದ್ದನ್ನು ಮಾಡಿಯೇ ತೀರುವ ಜಾತಿಯ ಮನುಷ್ಯ ಅವನು.

ಫೋನ್ ಮಾಡಿದಳು. ಹಿಂದಿನ ಕಿಟಕಿ ತೆರೆದೇ ಇತ್ತಂತೆ, ತಾನು ಹಾಕಿದನಂತೆ. ಒಳಗೆ ಬೆಕ್ಕಿನವರು ಮಲಗಿದ್ದರಂತೆ, ಅವರನ್ನು ಕೇಳಿಕೊಂಡು ಹೊರಗೆ ಕಳಿಸಿದನಂತೆ. ಕಡಲ ಬದಿಯ ಬೀದಿಯವರೆಲ್ಲ ಎತ್ತರದ ಶಾಲೆಗೆ ಹೋಗಬೇಕೆಂದು ಸಾರಿದ್ದಾರಲ್ಲ ಎಂದು ಅವಳು ನೆನಪಿಸಿದಳು. ಹೋಗ್ತೀನಿ, ಸ್ವಲ್ಪ ಕೆಲಸ ಇದೆ ಎಂದ. ಏನು ಕೆಲಸ ಎಂದು ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಬೆಟ್ಟದ ಮೇಲೆ ಎಲೆಯೂ ಅಲುಗಲಿಲ್ಲ. ಅಷ್ಟು ಒಳ್ಳೆಯ ಬಿಸಿಲನ್ನು ಕಂಡು ಅವಳಿಗೆ ನಾಚಿಕೆಯಾಯಿತು. ಊರ ಕಡೆಗೆ ಇನ್ನು ಒಂದೇ ಬಸ್ಸು, ಆಮೇಲೆ ದಾರಿ ಮುಚ್ಚುತ್ತಾರೆ ಎಂದು ಲಾಡ್ಜಿನ ಮ್ಯಾನೇಜರು ಹೇಳಿದರು. ಅವಳು ಚೀಲ ತುಂಬಿದಳು. ಅಕ್ಕ ತಡೆದಳು, ಭಾವ ಬೈದರು. ಅಮ್ಮ ಮಾತ್ರ, ಹೋಗೋದಾದ್ರೆ ನನ್ನ ಹೊಲಿಗೆ ಮಷಿನ್ನು ಮೇಲೆತ್ತಿಡು ತಾಯಿ, ನೀರು ಹೊಕ್ಕೀತು ಎಂದರು. ಆ ಮಷಿನ್ನಿನಿಂದಲೇ ಇಬ್ಬರು ಮಕ್ಕಳನ್ನು ಸಾಕಿದವರು. ಅವರ ಚಿಂತೆ ಅವರದು.

ಬಸ್ಸು ಲಾಡ್ಜಿನ ಮುಂದೆಯೇ ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನಿಗೆ ಫೋನ್ ಮಾಡಿದಳು. ಆಚೆಯಿಂದ ಗಾಳಿಯ ಶಬ್ದವೇ ಮೊದಲು ಬಂತು, ಯಾರೋ ಉದ್ದನೆಯ ಬಟ್ಟೆ ಹರಿಯುತ್ತಿರುವ ಹಾಗೆ. ಅವನು ಅವಳ ಮನೆಯಲ್ಲೇ ಇದ್ದ, ಏದುಸಿರು ಬಿಡುತ್ತ ಮಷಿನ್ನನ್ನು ಅಟ್ಟಕ್ಕೆ ಏರಿಸುತ್ತಿದ್ದ.

“ನೀವಿನ್ನೂ ಶಾಲೆಗೆ ಹೋಗಿಲ್ವಾ?”

ಇದೊಂದು ಮುಗಿಸಿ ಹೋಗ್ತೀನಿ ಎಂದ.

“ಬಿಟ್ಟು ಹೊರಡಿ. ನಾನೇ ಬರ್ತಿದೀನಿ, ಬಸ್ಸಲ್ಲಿದೀನಿ.”

ಆಚೆ ಏನೋ ಭಾರವಾದದ್ದು ಧಪ್ಪನೆ ನೆಲಕ್ಕೆ ಕೂತಿತು. ಆಮೇಲೆ ಅವನ ದನಿ ಬಂತು, ಅವನದಲ್ಲದ ದನಿ.

“ಬರಬೇಡ. ಇಳಿ ಕೆಳಗೆ. ನೀನು ಅಲ್ಲೇ ಸುಮ್ನೆ ಕೂತಿರು, ಕೇಳಿಸ್ತಾ? ನಿನಗೇನಾದ್ರೂ ಆದ್ರೆ ನಾನು…”

ಅಲ್ಲಿಗೆ ಫೋನ್ ಸತ್ತುಹೋಯಿತು. ಮತ್ತೆ ಮಾಡಿದಳು, ಮತ್ತೆ ಮಾಡಿದಳು. ಆಚೆ ರಿಂಗೇ ಆಗಲಿಲ್ಲ.

ಹತ್ತುತ್ತೀರಾ ಇಲ್ಲವಾ ಎಂದು ಕಂಡಕ್ಟರು ಕೇಳಿದ. ಅವಳು ಕಾಲು ಕೆಳಗಿಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತೇ ಇದ್ದಳು. ಹುಟ್ಟಿದಾಗಿನಿಂದ ಅವಳು ಕೇಳಿದ್ದು ಬಾ, ಮಾಡು, ಕೊಡು, ಹಿಡಿ ಎಂಬ ಮಾತುಗಳನ್ನು. ನೀನು ಸುಮ್ಮನೆ ಕೂತಿರು ಎಂದು ಯಾರೂ ಹೇಳಿರಲಿಲ್ಲ. ಆ ಮಾತು ಕೇಳಿದ ಮೇಲೆಯೇ ತನಗೆ ಎಷ್ಟು ದಣಿವಾಗಿದೆ ಎಂದು ಅವಳಿಗೆ ಗೊತ್ತಾದದ್ದು. ಮೈಯೆಲ್ಲ ಕಲ್ಲಾಗಿತ್ತು, ಕಣ್ಣು ಮಾತ್ರ ನೀರಾಗಿತ್ತು.

ಅಕ್ಕ ಚಹಾ ತಂದು ಪಕ್ಕದಲ್ಲಿ ಕೂತಳು. “ಏನಂದ್ರು?”

“ನೀನು ಅಂದ್ರು.”

“ಯಾರಿಗೆ?”

“ನನಗೆ.”

ಅಕ್ಕ ಲೋಟವನ್ನು ಕೆಳಗಿಟ್ಟಳು. ತಂಗಿಯ ಮುಖವನ್ನು, ನೂಲು ಪೋಣಿಸುವ ಸೂಜಿಯ ಕಣ್ಣನ್ನು ನೋಡುವಂತೆ, ಹತ್ತಿರದಿಂದ ನೋಡಿದಳು. ಆಮೇಲೆ ಅವಳ ಮಡಿಲಿನ ಚೀಲವನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ಹೋದಳು. ಅವತ್ತು ಅಮ್ಮನ ಮಂಡಿಗೆ ಎಣ್ಣೆ ತಿಕ್ಕಿದ್ದು ಅಕ್ಕ. ಭಾವ ತಮ್ಮ ಕನ್ನಡಕ ತಾವೇ ಹುಡುಕಿಕೊಂಡರು.

ಮಧ್ಯಾಹ್ನ ಬಿಳಿಯ ಸುರುಳಿ ದಡ ಮುಟ್ಟಿತು. ಟೀವಿಯಲ್ಲಿ ಬಾಗಿದ ಮರಗಳು, ಹಾರುವ ತಗಡು, ಬೀದಿಗೆ ನುಗ್ಗಿದ ಕಡಲು. ಯಾವ ಬೀದಿ ಎಂದು ಗುರುತು ಸಿಗಲಿಲ್ಲ. ಕಾಪಾಡು ಎಂದು ಬೇಡಲೂ ಅವಳಲ್ಲಿ ತ್ರಾಣವಿರಲಿಲ್ಲ. ಅವನು ಅರ್ಧಕ್ಕೆ ಬಿಟ್ಟ ಸಾಲೊಂದನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು, ಆದ್ರೆ ನಾನು, ಆದ್ರೆ ನಾನು ಎಂದು, ಅಮ್ಮನ ಪದ್ಯದ ಹಾಗೆ. ಪೂರ್ತಿ ಮಾಡಲು ಅವನೇ ಬರಬೇಕಿತ್ತು.

ಮರುದಿನ ಬೆಳಕು ಹರಿದು, ಎಲ್ಲರೂ ಜಗಲಿಯಲ್ಲಿ ಸೋತು ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

“ನಮಸ್ಕಾರ. ಇದು ಶಾಲೆಯ ಮೇಷ್ಟ್ರ ಫೋನು. ನಿಮ್ಮ ಮನೆ ಕ್ಷೇಮ,” ಎಂದ ಅವನು.

ಅವಳು ಕಂಬಕ್ಕೆ ಒರಗಿದಳು. ಅವನು ವರದಿ ಒಪ್ಪಿಸಿದ. ಮಷಿನ್ನು ಅಟ್ಟದ ಮೇಲಿದೆ. ಪರದೆಯ ಬಟ್ಟೆ ಅರ್ಧ ನೆನೆದಿದೆ. ಕಿಟಕಿಗಳಿಗೆ ಹಲಗೆ ಹೊಡೆದಿದ್ದರಿಂದ ಒಂದೂ ಒಡೆದಿಲ್ಲ.

“ಹಲಗೆ ಎಲ್ಲಿದ್ದವು?”

ಅವನು ತಡೆದು ತಡೆದು ಹೇಳಿದ. ಅಂಗಡಿಯಲ್ಲಿ ಗಾಜಿನ ಹಾಳೆಗಳಿಗೆ ಅಡ್ಡ ಕಟ್ಟಿದ್ದ ಹಲಗೆಗಳು. ಬಿಚ್ಚಿ ತಂದಿದ್ದ.

“ಹಾಗಾದ್ರೆ ನಿಮ್ಮ ಗಾಜು?”

“ಅದು ಹೋಯ್ತು. ಗಾಜು ಇರೋದೇ ಒಡೆಯೋಕೆ.”

ಪಕ್ಕದಿಂದ ಅಮ್ಮ ಮಷಿನ್ನು ಹೇಗಿದೆಯಂತೆ ಎಂದು ಕೇಳುತ್ತಿದ್ದರು. ಸುಮ್ನಿರಮ್ಮ ಎಂದಳು ಅಕ್ಕ. ಭಾವ ಬಾಯಿ ತೆರೆದರು, ಅಕ್ಕ ಅವರನ್ನು ನೋಡಿದಳು, ಮುಚ್ಚಿದರು.

ಫೋನಿನಲ್ಲಿ ಅವನು ದನಿ ತಗ್ಗಿಸಿದ.

“ನಿಮ್ಮಲ್ಲಿ ಒಂದು ಕೇಳ್ಕೋಬೇಕಿತ್ತು. ನಿನ್ನೆ ಗಾಬರೀಲಿ… ಏಕವಚನ ಬಂದ್ಬಿಡ್ತು. ರಾತ್ರಿಯೆಲ್ಲ ಅದೇ ಕೊರೀತಿತ್ತು. ದಯವಿಟ್ಟು ನೀವದನ್ನ ಮರೆತುಬಿಡಬೇಕು.”

ಬಿಸಿಲು ಅವಳ ಪಾದದವರೆಗೆ ಬಂದಿತ್ತು. ದಣಿವು ಇನ್ನೂ ಇತ್ತು, ಆದರೆ ಅದನ್ನು ಇಳಿಸಿಡುವ ಜಾಗ ಯಾವುದೆಂದು ಈಗ ಗೊತ್ತಿತ್ತು.

“ಮರೆಯಲ್ಲ ಕಣೋ,” ಎಂದಳು.