ಯಾರನ್ನ ಕೊಟ್ಬಿಡೋಣ?

“ಬ್ರೂನರ್‌ನ ಕೊಟ್ಬಿಡೋಣ,” ಅಂದ ಕರ್ಟಿಸ್.

“ಬ್ರೂನರ್‌ನ ಯಾರೋ ತಗೋತಾರೆ? ಜೊತೆಗೆ ಒಂದು ನಾಯಿಮರಿ ಫ್ರೀ ಅಂದ್ರೂ ತಗೊಳ್ಳಲ್ಲ,” ಅಂದಳು ಟಿಲ್ಲಿ.

ಹುಲ್ಲಿನ ಮೇಲೆ ಬೋರಲಾಗಿ ಮಲಗಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮೈದಾನದ ಎಡಬದಿಯ ಬೇಲಿಯ ಹಿಂದಿನ ಆ ದಿಬ್ಬ ಅವರದೇ ಜಾಗ. ಅಲ್ಲಿ ಕುರ್ಚಿಯಿಲ್ಲ, ಆದ್ದರಿಂದ ಟಿಕೆಟ್ಟೂ ಅಗ್ಗ. ಅವರ ನಡುವೆ ಊರಿನ ಬೇಸ್‌ಬಾಲ್ ಟೀಮು ಹೆರನ್ಸ್‌ನ ಆಟಗಾರರ ಕಾರ್ಡುಗಳು ಹರಡಿಕೊಂಡಿದ್ದವು.

ಜುಲೈ ಕೊನೆಯ ವಾರ ಬಂತೆಂದರೆ ಕಾರ್ವಿಲ್ ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಕ್ಷೌರದಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅದೇ. ಈ ಸಲ ಯಾರನ್ನ ಕೊಡಬೇಕು?

ಹೆರನ್ಸ್ ಅಂದರೆ ಒಂದು ಸಸಿಮಡಿ. ದೊಡ್ಡ ನಗರದ ದೊಡ್ಡ ಟೀಮು ಹದಿನೆಂಟು, ಹತ್ತೊಂಬತ್ತರ ಹುಡುಗರನ್ನು ಎಲ್ಲೆಲ್ಲಿಂದಲೋ ತಂದು ಇಲ್ಲಿ ನೆಟ್ಟು ಬೆಳೆಸುತ್ತದೆ. ಈ ವರ್ಷ ಕಪ್ ಗೆಲ್ಲಬಹುದು ಅನ್ನಿಸಿದರೆ, ಬೇರೆ ಟೀಮಿನಿಂದ ಪಳಗಿದ ಆಟಗಾರನೊಬ್ಬನನ್ನು ತರಿಸಿಕೊಂಡು, ಬದಲಿಗೆ ಮಡಿಯಿಂದ ಒಂದೋ ಎರಡೋ ಸಸಿ ಕಿತ್ತು ಕೊಡುತ್ತದೆ. ಅದಕ್ಕೆ ಟ್ರೇಡ್ ಅಂತ ಹೆಸರು. ನಿನಗೆ ಹೋಗಲು ಇಷ್ಟವೇ ಎಂದು ಸಸಿಯನ್ನು ಯಾರೂ ಕೇಳುವುದಿಲ್ಲ.

ಈ ಲೆಕ್ಕದಲ್ಲಿ ಟಿಲ್ಲಿ ಹಾಸರ್ ಪಕ್ಕಾ. ವಯಸ್ಸು ಹತ್ತೇ ಆದರೂ ಹೋದ ವರ್ಷ ಅವಳು ಹೇಳಿದ ಇಬ್ಬರೂ ಟ್ರೇಡ್ ಆಗಿದ್ದರು. ಅದು ಕರ್ಟಿಸ್‌ಗೆ ಇನ್ನೂ ಉರಿ.

“ಇವಳು ಯಾರನ್ನ ಬೇಕಾದ್ರೂ ಕೊಡ್ತಾಳೆ ಕಣ್ರೋ, ವಿಲ್ಕಿನ್‌ನ ಮಾತ್ರ ಕೊಡಲ್ಲ,” ಅಂದ ಅವನು. “ಇವಳ ಮನೇಲೇ ಇದಾನಲ್ಲ! ದಿನಾ ಅವನಿಗೆ ಪ್ಯಾನ್‌ಕೇಕ್ ಮಾಡಿ ಹಾಕ್ತಾಳೆ.”

“ನಾನಲ್ಲ ಮಾಡೋದು, ಅಮ್ಮ.”

“ಯಾರೋ ಒಬ್ರು. ಮ್ಯಾನೇಜರ್ ಆಗೋರಿಗೆ ಎದೆ ಕಲ್ಲಾಗಿರ್ಬೇಕು. ನಿಂದು ಪ್ಯಾನ್‌ಕೇಕ್.”

ಮತ್ತೆ ನಗು. ಈ ಸಲ ಟಿಲ್ಲಿ ನಗಲಿಲ್ಲ.

ವಿಲ್ಕಿನ್ ಹೆರನ್ಸ್‌ನ ಪಿಚರ್. ಅಂದರೆ ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯುವವನು. ಡೊಮಿನಿಕನ್ ರಿಪಬ್ಲಿಕ್‌ನ ಕಬ್ಬಿನ ಸೀಮೆಯಿಂದ ಬಂದವನು, ಹತ್ತೊಂಬತ್ತು ವರ್ಷ. ಕೈಯಲ್ಲಿ ಗುಂಡಿನಂಥ ವೇಗ. ಆದರೆ ಸಸಿಮಡಿಯ ಹುಡುಗರಿಗೆ ಸಿಗುವ ಸಂಬಳದಲ್ಲಿ ಒಂದು ಕೋಣೆ ಬಾಡಿಗೆಗೂ ಬರುವುದಿಲ್ಲ. ಸ್ಟೇಡಿಯಂಗೆ ಹೊಸ ದೀಪ ಹಾಕಿಸಲು ದೊಡ್ಡ ಟೀಮಿನ ಹತ್ತಿರ ದುಡ್ಡಿದೆ, ಇದಕ್ಕಿಲ್ಲ. ಹಾಗಾಗಿ ಊರಿನ ಕೆಲವು ಮನೆಯವರೇ ಒಬ್ಬೊಬ್ಬ ಹುಡುಗನನ್ನು ಇಟ್ಟುಕೊಂಡು ಊಟ ಹಾಕುತ್ತಾರೆ. ಟಿಲ್ಲಿಯ ಅಣ್ಣ ಸೈನ್ಯಕ್ಕೆ ಸೇರಿದ ಮೇಲೆ ಅವನ ಕೋಣೆ ಖಾಲಿಯಿತ್ತು. ಅಲ್ಲಿಗೆ ವಿಲ್ಕಿನ್ ಬಂದ.

ಅವನು ಬಂದ ದಿನವೇ ಅಮ್ಮ ಟಿಲ್ಲಿಯನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. “ನೋಡು, ಈ ಟೇಬಲ್ ಹತ್ರ ನಡೆದಿದ್ದು ಮೈದಾನಕ್ಕೆ ಹೋಗ್ಬಾರ್ದು. ಎಷ್ಟು ತಿಂದ, ಯಾವಾಗ ಅತ್ತ, ಫೋನಲ್ಲಿ ಯಾರ ಹತ್ರ ಜಗಳ ಆಡ್ದ, ಎಲ್ಲಾ ಇಲ್ಲೇ. ಹುಡುಗರನ್ನ ಇಟ್ಕೊಂಡಿರೋ ಮನೆಗಳಲ್ಲೆಲ್ಲಾ ಹೀಗೇ. ಗೊತ್ತಾಯ್ತಾ?”

“ಗೊತ್ತಾಯ್ತು,” ಎಂದಿದ್ದಳು ಟಿಲ್ಲಿ. ಇಷ್ಟು ದಿನ ಹಾಗೇ ನಡೆದುಕೊಂಡೂ ಇದ್ದಳು.

ದಿಬ್ಬದ ಕೆಳಗಿನಿಂದ ಯಾರೋ ಕೂಗಿದರು. ರೇಡಿಯೋದ ಡ್ಯೂಕ್. ಕೆಂಪು ಟೈ, ಮಡಿಕೆ ಬಿದ್ದ ಗದ್ದ. ಪ್ರತಿ ಶನಿವಾರ ಆಟಕ್ಕೆ ಮೊದಲು ಅವನು ಒಂದು ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾನೆ. ಆ ಕಾರ್ಯಕ್ರಮದ ಹೆಸರು ‘ಪುಟಾಣಿ ಮ್ಯಾನೇಜರ್’.

“ಏಯ್ ಹಾಸರ್ ಹುಡುಗಿ! ಹೋದ ವರ್ಷ ಇಬ್ರನ್ನೂ ಸರಿಯಾಗಿ ಹೇಳಿದ್ದು ನೀನೇ ಅಲ್ವೇನಮ್ಮಾ? ಬಾ, ಬಾ. ಇವತ್ತು ನಿಂದೇ ಸರದಿ.”

ಟಿಲ್ಲಿ ಎದ್ದಳು. ಚಡ್ಡಿಗೆ ಅಂಟಿದ ಹುಲ್ಲು ಕೊಡವಿಕೊಂಡಳು. ಕರ್ಟಿಸ್ ಹಿಂದಿನಿಂದ ಪಿಸುಗುಟ್ಟಿದ, “ಪ್ಯಾನ್‌ಕೇಕ್.”

ರೇಡಿಯೋ ಕೋಣೆ ಸ್ಟೇಡಿಯಂನ ನೆತ್ತಿಯಲ್ಲಿತ್ತು. ಅಲ್ಲಿ ಆಡಿದ ಮಾತು ಇಡೀ ಸ್ಟೇಡಿಯಂಗೆ ಕೇಳುತ್ತದೆ. ಸಾಸೇಜ್ ಅಂಗಡಿಯ ಮುಂದೆ, ಟಾಯ್ಲೆಟ್ಟಿನಲ್ಲಿ, ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ, ಎಲ್ಲ ಕಡೆ ಸ್ಪೀಕರ್ ಇದೆ. ಟಿಲ್ಲಿಗೆ ಅದು ಗೊತ್ತಿತ್ತು. ಆದರೆ ದೊಡ್ಡ ಹೆಡ್‌ಫೋನ್ ಕಿವಿಗೆ ಹಾಕಿಕೊಂಡ ಮೇಲೆ ತಾನೂ ಡ್ಯೂಕೂ ಇಬ್ಬರೇ ಇರುವಂತೆ ಅನ್ನಿಸಿತು.

“ಹೇಳಮ್ಮಾ ಮ್ಯಾನೇಜರ್. ದೊಡ್ಡ ಟೀಮಿಗೆ ಯಾರು ಬೇಕು?”

“ಮ್ಯಾಕ್ರೇ. ಮೂವತ್ತೈದು ವರ್ಷ ಆಗಿದೆ, ಆದ್ರೂ ಹೊಡೀತಾನೆ.”

“ಸರಿ. ಬದಲಿಗೆ ಯಾರನ್ನ ಕೊಡ್ತೀಯಾ?”

ಕರ್ಟಿಸ್ ಹೇಳಿದ ಬ್ರೂನರ್ ಹೆಸರನ್ನೇ ಹೇಳಿಬಿಡೋಣವೆಂದು ಟಿಲ್ಲಿ ಬಾಯಿ ತೆರೆದಳು. ಗಾಜಿನಾಚೆ ದೂರದಲ್ಲಿ ದಿಬ್ಬ ಕಾಣುತ್ತಿತ್ತು. ಕರ್ಟಿಸ್ ಎದ್ದು ನಿಂತಿದ್ದ.

“ವಿಲ್ಕಿನ್,” ಅಂದಳು.

ಡ್ಯೂಕ್ ಸೀಟಿನಲ್ಲೇ ಮುಂದಕ್ಕೆ ಬಾಗಿದ. “ವಿಲ್ಕಿನ್‌ನಾ? ನಮ್ಮ ಒಳ್ಳೇ ಪಿಚರ್‌ನ? ಇವತ್ತು ಆಡ್ತಿರೋನೂ ಅವನೇ. ಯಾಕಮ್ಮಾ?”

“ಈಗ್ಲೇ ಕೊಟ್ರೆ ಅವನಿಗೆ ಬೆಲೆ. ಆಮೇಲೆ ಇರಲ್ಲ.” ತನ್ನ ದನಿ ದೊಡ್ಡವರ ದನಿಯಂತೆ ಕೇಳುತ್ತಿರುವುದು ಟಿಲ್ಲಿಗೆ ಹಿತವಾಯಿತು. “ಅವನ ಮೊಣಕೈ ಸರಿಯಿಲ್ಲ. ಆಟ ಮುಗಿಸಿ ಬಂದಾಗೆಲ್ಲಾ ಐಸ್ ಕಟ್ಕೊಂಡು ಕೂತ್ಕೋತಾನೆ. ಆ ಕೈಲಿ ಹಾಲಿನ ಕ್ಯಾನ್ ಕೂಡ ಎತ್ತಕ್ಕಾಗಲ್ಲ. ಅದು ಮುರಿಯೋಕ್ ಮುಂಚೆ ಕೊಟ್ಬಿಡ್ಬೇಕು.”

ಡ್ಯೂಕ್ ಜೋರಾಗಿ ನಕ್ಕ. “ಕೇಳಿದ್ರಾ! ಎಂಥಾ ತಲೆ!” ಎಂದು ಜಾಹೀರಾತು ಹಾಕಿದ.

ಮೆಟ್ಟಿಲಿಳಿದು ಬರುವಾಗ ಎಲ್ಲರೂ ಬೆನ್ನು ತಟ್ಟುವವರೇ. “ವ್ಯಾಪಾರ ಅಂದ್ರೆ ಇದಪ್ಪಾ!” ಅಂದ ಒಬ್ಬ ಮುದುಕ. ಸಾಸೇಜ್ ಅಂಗಡಿಯವಳು ಹಾಟ್ ಡಾಗ್ ಕೈಗಿಟ್ಟು, “ತಗೋ ಮ್ಯಾನೇಜರಮ್ಮ, ದುಡ್ಡು ಬೇಡ,” ಅಂದಳು. ಹುಡುಗರನ್ನು ಅಳೆಯಲು ದೊಡ್ಡ ಟೀಮು ಕಳಿಸಿದ್ದ, ಮೊದಲ ಸಾಲಿನಲ್ಲಿ ಕೂತಿದ್ದ ಮನುಷ್ಯ ಮಾತ್ರ ಅವಳತ್ತ ನೋಡಲಿಲ್ಲ. ಫೋನ್ ಕಿವಿಗೊತ್ತಿ ಸರಸರನೆ ಒಳಗೆ ಹೋದ.

ಬೇಲಿಯ ಪಕ್ಕ ವಿಲ್ಕಿನ್ ಕೈ ಬಿಸಿ ಮಾಡಿಕೊಳ್ಳಲು ಚೆಂಡು ಎಸೆಯುತ್ತಿದ್ದ. ಕೋಚ್ ಬಂದು ಏನೋ ಹೇಳಿದರು. ವಿಲ್ಕಿನ್ ಇಲ್ಲವೆಂದು ತಲೆ ಅಲ್ಲಾಡಿಸಿದ. ಕೋಚ್ ಕೈ ಚಾಚಿದರು. ವಿಲ್ಕಿನ್ ಚೆಂಡನ್ನು ಕೊಡಲಿಲ್ಲ. ಕೋಚ್ ಚಾಚಿದ ಕೈ ಹಿಂದೆಗೆಯಲಿಲ್ಲ. ಕೊನೆಗೆ ಕೊಟ್ಟ.

ಟಿಲ್ಲಿಯ ಹಾಟ್ ಡಾಗ್ ಕೈಯಲ್ಲೇ ತಣ್ಣಗಾಯಿತು.

ಆ ರಾತ್ರಿಯ ಆಟ ಬೇರೆ ಪಿಚರ್ ಆಡಿದ. ಮಗಳನ್ನು ಕರೆದೊಯ್ಯಲು ಬಂದ ಅಮ್ಮ ಅವಳನ್ನು ಮಾತಾಡಿಸಲಿಲ್ಲ. ಆಟಕ್ಕೆ ಮೊದಲೇ ಕಾರಿನ ರೇಡಿಯೋದಲ್ಲಿ ಎಲ್ಲ ಕೇಳಿದ್ದಳು. ನೇರ ಡ್ಯೂಕ್ ಹತ್ತಿರ ಹೋದಳು.

“ಹತ್ತು ವರ್ಷದ ಮಗೂನ ಕುರ್ಚಿ ಮೇಲೆ ಕೂರಿಸಿ ಹುಡುಗರನ್ನ ಮಾರಿಸ್ತೀಯಲ್ಲ ಡ್ಯೂಕ್, ನಾಚಿಕೆ ಆಗಲ್ವಾ?”

“ಅಯ್ಯೋ ಲೊರೇನ್, ತಮಾಷೆಗೆ ಕಣೆ. ಮಕ್ಕಳ ಕಾರ್ಯಕ್ರಮ.”

“ಯಾರಿಗೆ ತಮಾಷೆ? ಹೋಗಿ ಆ ಹುಡುಗನ್ನ ಕೇಳು.”

ಡ್ಯೂಕ್ ಟೈ ಸರಿಮಾಡಿಕೊಂಡ. ಕೇಳಲು ಹೋಗಲಿಲ್ಲ.

ಭಾನುವಾರ ಟೀಮಿನವರು ವಿಲ್ಕಿನ್‌ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮೊಣಕೈಯಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿ ಅರ್ಧ ಹರಿದಿದೆ, ಆಪರೇಷನ್ ಆಗಬೇಕು, ಒಂದು ವರ್ಷ ಚೆಂಡು ಮುಟ್ಟುವಂತಿಲ್ಲ ಎಂದರು ಡಾಕ್ಟರು. ಮನೆಗೆ ಬಂದವನೇ ವಿಲ್ಕಿನ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ನೀರು ತುಂಬಾ ಹೊತ್ತು ಸುರಿಯಿತು. ನೀರಿನ ಸದ್ದಿನ ಒಳಗೆ ಇನ್ನೊಂದು ಸದ್ದಿತ್ತು. ಟಿಲ್ಲಿಗೆ ಕೇಳಿಸಿತು.

ಸೋಮವಾರ ಬೆಳಿಗ್ಗೆ ಅಮ್ಮ ಎಂದಿನಂತೆ ಟಿಲ್ಲಿಯನ್ನು ಕಾರಿನಲ್ಲಿ ಕರೆದುಕೊಂಡು ಹೊರಟಳು. ಅಮ್ಮನ ಕೆಲಸ ಹಂದಿ ಮಾಂಸದ ಫ್ಯಾಕ್ಟರಿಯಲ್ಲಿ. ಗೇಟಿನ ಎದುರಿಗೇ ದೊಡ್ಡಮ್ಮನ ಮನೆ. ರಜೆಯಲ್ಲಿ ಟಿಲ್ಲಿ ಹಗಲೆಲ್ಲ ಅಲ್ಲೇ ಇರುತ್ತಿದ್ದಳು.

ಗೇಟಿನ ಹತ್ತಿರ ಕಾರು ನಿಲ್ಲಿಸಿ ಅಮ್ಮ ಬಲ ಮಣಿಕಟ್ಟಿನ ಬ್ಯಾಂಡೇಜ್ ಬಿಚ್ಚತೊಡಗಿದಳು. ದಿನಾ ಹಾಗೆಯೇ ಮಾಡುತ್ತಿದ್ದಳು. ಟಿಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದಳು. ಕೇಳಿದ್ದು ಮಾತ್ರ ಅವತ್ತೇ.

“ನೋವಿದೆಯಲ್ಲಮ್ಮಾ. ಯಾಕೆ ಬಿಚ್ತೀಯಾ?”

“ಇದನ್ನ ಕಟ್ಕೊಂಡು ಒಳಗೆ ಹೋದ್ರೆ ಸೂಪರ್‌ವೈಸರ್ ನೋಡ್ತಾನೆ.”

“ನೋಡಿದ್ರೆ?”

“ಚಾಕು ಹಿಡಿಯೋ ಕೈ ಕೆಟ್ಟಿದೆ ಅಂತ ಗೊತ್ತಾಗತ್ತೆ. ಬೇರೆ ಕೈ ತರ್ತಾನೆ. ಗೇಟ್ ಹೊರಗೆ ಬೇಕಾದಷ್ಟು ಕೈಗಳಿವೆ.”

ಅಮ್ಮ ಬ್ಯಾಂಡೇಜ್ ಸುತ್ತಿ ಟಿಲ್ಲಿಯ ಮಡಿಲಲ್ಲಿಟ್ಟಳು. ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದಳು. ಮುಖ ಕಿವುಚಿಕೊಂಡು, ತಕ್ಷಣ ಸರಿಮಾಡಿಕೊಂಡಳು. ಆಮೇಲೆ ಇಳಿದು, ಕೈಗೆ ಏನೂ ಆಗದವಳ ಹಾಗೆ ಬೀಸಿಕೊಂಡು ಗೇಟಿನೊಳಗೆ ನಡೆದಳು.

ಬ್ಯಾಂಡೇಜ್ ಇನ್ನೂ ಬೆಚ್ಚಗಿತ್ತು. ಟಿಲ್ಲಿ ಕಾರಿನಿಂದಿಳಿಯದೆ ಅದನ್ನು ಹಿಡಿದುಕೊಂಡು ಕೂತಳು. ಕೊನೆಗೆ ದೊಡ್ಡಮ್ಮನೇ ಬಂದು ಬಾಗಿಲು ತಟ್ಟಿದರು.

ಅದೇ ವಾರ ಟ್ರೇಡ್ ಆಯಿತು. ದೊಡ್ಡ ಟೀಮು ಬ್ರೂನರ್‌ನನ್ನೇ ಕೊಟ್ಟಿತು. ತಿಂಡಿ ತಿನ್ನುವಾಗ ಅವನಿಗೆ ಫೋನ್ ಬಂತು, ಮಧ್ಯಾಹ್ನದೊಳಗೆ ಹೊರಟ. ಅವನನ್ನು ಇಟ್ಟುಕೊಂಡಿದ್ದವರು ಇನ್ನೂ ಕೆಲಸದಿಂದ ಬಂದಿರಲಿಲ್ಲ.

ವಿಲ್ಕಿನ್ ಹೊರಟದ್ದು ಗುರುವಾರ. ಆಪರೇಷನ್‌ಗೆ ಅರಿಜೋನಕ್ಕೆ ಹೋಗಬೇಕು. ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ಟಿಕೆಟ್ ತರಲು ಹೋದಾಗ ಬೆಂಚಿನ ಮೇಲೆ ಅವರಿಬ್ಬರೇ ಉಳಿದರು. ಭಾನುವಾರದಿಂದ ಟಿಲ್ಲಿ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು.

“ಸಾರಿ,” ಅಂದಳು. ಅದು ತೀರಾ ಸಣ್ಣ ಮಾತಾಗಿ ಹೊರಗೆ ಬಂತು.

ವಿಲ್ಕಿನ್‌ಗೆ ಅವಳ ಭಾಷೆ ಅರ್ಧಂಬರ್ಧ. ಪದ ಹುಡುಕಿ ಹುಡುಕಿ ಮಾತಾಡುತ್ತಿದ್ದ.

“ನನ್ನ ಫ್ರೆಂಡ್ ಒಬ್ಬ ಇದ್ದ. ಭುಜ ನೋವು. ಹೇಳ್ದ. ಮಾರನೇ ದಿನ ವಿಮಾನದಲ್ಲಿ ಮನೆಗೆ ಕಳಿಸಿದ್ರು. ಅದಕ್ಕೇ ನಾನು ಹೇಳಲಿಲ್ಲ.”

“ನಿನ್ನೂ ಕಳಿಸ್ತಾರಾ?”

“ಗೊತ್ತಿಲ್ಲ. ಆಪರೇಷನ್ ಮಾಡಿಸ್ತಾರೆ. ಆಮೇಲೆ ನೋಡ್ತಾರೆ.”

“ನಾನು ಹೇಳ್ದೇ ಇದ್ದಿದ್ರೆ?”

ಅವನು ಯೋಚಿಸಿದ. “ನಾನೇ ಹೇಳ್ತಿದ್ನೇನೋ. ಹೇಳ್ತಿರಲಿಲ್ವೇನೋ. ಇನ್ನು ಗೊತ್ತಾಗಲ್ಲ, ಅಲ್ವಾ?”

ಬಸ್ಸು ಬಂದು ನಿಂತಿತು.

“ಟಿಲ್ಲಿ,” ಅಂದ ವಿಲ್ಕಿನ್. “ರೇಡಿಯೋದಲ್ಲಿ ನನ್ನ ಕೊಟ್ಟೆ. ಬದಲಿಗೆ ಯಾರನ್ನ ತಗೊಂಡೆ?”

“ಮ್ಯಾಕ್ರೇ.”

“ಆ ತಾತನ್ನಾ?” ವಿಲ್ಕಿನ್‌ನ ಹುಬ್ಬು ಮೇಲೇರಿತು. “ನಂಗೆ ಒಬ್ಬನೇನಾ? ಅದೂ ಮುದುಕ?”

ಅವನು ಮೊದಲಿನಂತೆ ಹೊಟ್ಟೆಯಿಂದ ನಕ್ಕ. ಜೊತೆಗೆ ನಗಬೇಕೆಂದು ಟಿಲ್ಲಿಯೂ ನೋಡಿದಳು. ತುಟಿ ಒಂದು ಕಡೆಗೆ ವಾಲಿತು, ಅಷ್ಟೆ.

ವಿಲ್ಕಿನ್ ಎದ್ದು, ಬ್ಯಾಗನ್ನು ಕಾಲಿನಿಂದ ಅವಳತ್ತ ತಳ್ಳಿದ. ಬಂದ ದಿನದಿಂದ ಒಮ್ಮೆಯೂ ಅವನು ತನ್ನ ಬ್ಯಾಗನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

“ನೀನು ಎತ್ತು,” ಅಂದ. “ನನ್ನ ಕೈಲಿ ಆಗಲ್ಲ.”

ಬ್ಯಾಗ್ ಅವಳಷ್ಟೇ ಭಾರವಿತ್ತು. ಟಿಲ್ಲಿ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲಿಂದ ಒದ್ದುಕೊಂಡು, ಬಸ್ಸಿನ ಮೆಟ್ಟಿಲು ಹತ್ತಿಸಿದಳು.

ಶನಿವಾರ ಮತ್ತೆ ಆಟ. ದಿಬ್ಬದ ಮೇಲೆ ಮತ್ತೆ ಮಕ್ಕಳು.

“ಏಯ್ ಟಿಲ್ಲಿ,” ಅಂದ ಕರ್ಟಿಸ್. ಅವನ ದನಿಯಲ್ಲಿ ಈಗ ಮರ್ಯಾದೆ ಇತ್ತು. “ವಿಲ್ಕಿನ್ ಅತ್ನಂತೆ ಹೌದಾ? ಅವನನ್ನ ತೆಗೆದುಹಾಕ್ತಾರಂತೆ ಹೌದಾ? ಹೇಳೇ, ನಿನಗೆಲ್ಲಾ ಗೊತ್ತಿರತ್ತೆ.”

ಎಲ್ಲರೂ ಅವಳ ಬಾಯಿ ನೋಡಿದರು.

“ನಂಗೇನೂ ಗೊತ್ತಿಲ್ಲ,” ಅಂದಳು ಟಿಲ್ಲಿ.

“ಸುಳ್ಳಿ!”

“ಹೂಂ. ಸುಳ್ಳೀನೇ.”

ಕರ್ಟಿಸ್ ಬೇಜಾರಾಗಿ ಪಾಪ್‌ಕಾರ್ನ್ ಕಡೆ ತಿರುಗಿದ. ಮೈದಾನದಲ್ಲಿ ಹೊಸ ಪಿಚರ್ ಮೂರು ಜನರನ್ನು ಔಟ್ ಮಾಡಿ ಆಚೆ ಬರುತ್ತಿದ್ದ. ಸ್ಟೇಡಿಯಂ ಎದ್ದು ಕೂಗುತ್ತಿತ್ತು. ಅವನು ಟೋಪಿ ಎತ್ತಿ ನಕ್ಕ. ನೆರಳಿಗೆ ಬಂದಮೇಲೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಎಡಗೈಯಿಂದ ಬಲಭುಜವನ್ನು ಮೆಲ್ಲಗೆ ಹಿಡಿದುಕೊಂಡ.

ಟಿಲ್ಲಿ ನೋಡಿದಳು. ಸುತ್ತಲಿನವರಲ್ಲಿ ಬೇರೆ ಯಾರಾದರೂ ನೋಡಿದರಾ ಎಂದು ಮೆಲ್ಲಗೆ ಕಣ್ಣು ಹಾಯಿಸಿದಳು. ಯಾರೂ ನೋಡಿರಲಿಲ್ಲ.

“ಕರ್ಟಿಸ್,” ಅಂದಳು, “ನಂಗೂ ಸ್ವಲ್ಪ ಪಾಪ್‌ಕಾರ್ನ್ ಕೊಡೋ.”